ಸಾಕುನಾಯಿಯ ಶಿಕ್ಷಣ

ಮನೆಗೆ ನಾಯಿಮರಿ ಬಂದ ದಿನ ಮನೆಮಂದಿಯೆಲ್ಲ ಕೂಡಿ ಅದರ ಹೆಸರಿನ ವಿಷಯವಾಗಿ ಚರ್ಚೆ ಮಾಡುತ್ತಾರೆ; ಒಂದೆರಡು ತಿಂಗಳು ಕಳೆಯುವುದರೊಳಗೆ ಅದರ ನಡತೆಯ ವಿಷಯವಾಗಿ ಚರ್ಚೆ ಪ್ರಾರಂಭವಾಗುತ್ತದೆ. ಅಷ್ಟರಲ್ಲಿ ಅದು ಯಜಮಾನರ ಚಪ್ಪಲಿಯನ್ನು ಅಗಿದಿರುತ್ತದೆ. ನಡುಮನೆಯನ್ನು ನಾಲ್ಕಾರು ಸಲ ಒದ್ದೆಮಾಡಿರುತ್ತದೆ. ಬಂದ ನೆಂಟರ ಸೀರೆಯ ಅಂಚನ್ನು ಹಿಡಿದು ಎಳೆದಿರುತ್ತದೆ. ಆಗ ನಾನಾ ಕಡೆಗಳಿಂದ ಸಲಹೆಗಳು ಬರುತ್ತವೆ. “ಎರಡು ಬಾರಿಸಿ, ತಾನಾಗಿ ಸರಿಹೋಗುತ್ತದೆ” ಎನ್ನುವವರು ಎದುರುಮನೆಯ ಹಿರಿಯರು. “ಗೊತ್ತಿರುವ ತರಬೇತುದಾರನೊಬ್ಬನಿದ್ದಾನೆ, ಒಂದು ತಿಂಗಳು ಅವನಲ್ಲಿ ಬಿಟ್ಟರೆ ಸಿಪಾಯಿಯ ಹಾಗೆ ಮಾಡಿಕೊಡುತ್ತಾನೆ” ಎನ್ನುವವರು ಕಚೇರಿಯ ಮಿತ್ರರು. “ತಿಂಡಿ ಕೊಟ್ಟು ಕಲಿಸಬೇಕಪ್ಪ, ಹೊಡೆಯಲೇ ಕೂಡದು” ಎನ್ನುವವಳು ಕಾಲೇಜಿನಲ್ಲಿ ಓದುತ್ತಿರುವ ಮಗಳು. ಮೂವರೂ ಹಿತೈಷಿಗಳೇ. ಇವರಲ್ಲಿ ಯಾರ ಮಾತನ್ನು ಕೇಳಬೇಕು? ಇಂದಿನ ಭಾಷಣದ ವಿಷಯವು ಇದೇ.

ನಮ್ಮ ಭಾಷೆಯಲ್ಲಿಯೇ ಈ ತೊಡಕಿನ ಗುರುತೊಂದು ಉಳಿದುಕೊಂಡಿದೆ. ಶಿಕ್ಷಾ ಎಂಬ ಸಂಸ್ಕೃತ ಶಬ್ದಕ್ಕೆ ಮೂಲದಲ್ಲಿ ಕಲಿಕೆಯೆಂದೇ ಅರ್ಥ; ಆರು ವೇದಾಂಗಗಳಲ್ಲಿ ಉಚ್ಚಾರಣೆಯನ್ನು ಕುರಿತದ್ದಕ್ಕೆ ಅದೇ ಹೆಸರು. ಕನ್ನಡದಲ್ಲಿ ಒಂದೇ ಧಾತುವಿನಿಂದ ಹುಟ್ಟಿದ ಎರಡು ಮಾತುಗಳು ಬೇರೆ ಬೇರೆ ದಾರಿ ಹಿಡಿದುವು: ಶಿಕ್ಷಣವು ಪಾಠಶಾಲೆಗೆ ಹೋಯಿತು, ಶಿಕ್ಷೆಯು ಸೆರೆಮನೆಗೆ ಹೋಯಿತು. ಆದರೆ ಇವೆರಡೂ ಒಂದೇ ಎಂಬ ನಂಬಿಕೆ ಮಾತ್ರ ನಮ್ಮ ಮನಸ್ಸಿನಿಂದ ಪೂರ್ತಿಯಾಗಿ ಹೋಗಿಲ್ಲ. ಮಕ್ಕಳ ವಿಷಯದಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ಈಗ ನಾಚುತ್ತೇವೆ. ನಾಯಿಯ ವಿಷಯದಲ್ಲಿ ನಾಚುವುದಿಲ್ಲ.

ಕ್ರಮವನ್ನು ಆರಿಸುವುದಕ್ಕೆ ಮುಂಚೆ ನಾಯಿಯು ಹೇಗೆ ಕಲಿಯುತ್ತದೆಂಬುದನ್ನು ತಿಳಿಯುವುದು ಅವಶ್ಯಕ. ರಷ್ಯ ದೇಶದ ಇವಾನ್ ಪಾವ್ಲೊವ್ ಎಂಬ ವಿಜ್ಞಾನಿಗೆ ೧೯೦೪ರಲ್ಲಿ ನೊಬೆಲ್ ಬಹುಮಾನ ಬಂದುದು ಜೀರ್ಣಕ್ರಿಯೆಯನ್ನು ಕುರಿತ ಸಂಶೋಧನೆಗಾಗಿ. ಆದರೆ ಆತನ ಹೆಸರು ಉಳಿದಿರುವುದು ಆತನ ನಾಯಿಗಳ ಬಾಯಿಯಲ್ಲಿ ಊರಿದ ನೀರಿನಿಂದ. ಆಹಾರಕ್ಕೆ ಮೊದಲು ಪ್ರತಿ ಸಲವೂ ಒಂದು ಸಂಜ್ಞೆಯನ್ನು ಕೊಡುತ್ತ ಬಂದರೆ, ಕೆಲವು ಕಾಲದ ಮೇಲೆ ಆಹಾರವಿಲ್ಲದೆ ಆ ಸಂಜ್ಞೆಯೊಂದರಿಂದಲೇ ನಾಯಿಯ ಬಾಯಲ್ಲಿ ನೀರೂರುತ್ತಿತ್ತು. ಇದು ಒಂದು ಬಗೆಯ ಕಲಿಕೆ: ಯಾವುದರ ಹಿಂದೆ ಯಾವುದು ಬರುತ್ತದೆಂಬ ಅರಿವು. ಅಮೆರಿಕದಲ್ಲಿ ಥಾರ್ನ್‌ಡೈಕನೂ ಅವನ ತರುವಾಯ ಸ್ಕಿನ್ನರನೂ ಇನ್ನೊಂದು ಬಗೆಯನ್ನು ವಿವರಿಸಿದರು: ಯಾವ ಕೆಲಸದಿಂದ ಸುಖ ಲಭಿಸುತ್ತದೆಯೋ ಅದನ್ನು ಪ್ರಾಣಿಯು ಮತ್ತೆ ಮಾಡುತ್ತದೆ, ಯಾವುದರಿಂದ ಲಾಭವಿಲ್ಲವೋ, ಅಥವಾ ನೋವುಂಟಾಗುತ್ತದೆಯೋ, ಅದನ್ನು ಬಿಡುತ್ತದೆ.

ಇಲ್ಲಿ ಗಮನದಲ್ಲಿಡಬೇಕಾದ ಮುಖ್ಯಾಂಶವೆಂದರೆ, ಈ ಎರಡು ಬಗೆಯ ಕಲಿಕೆಗಳೂ ಏಕಕಾಲದಲ್ಲಿ ನಡೆಯುತ್ತಿರುತ್ತವೆ. ನಾವು “ಕೂತುಕೋ” ಎಂಬ ಪಾಠವನ್ನು ಹೇಳುತ್ತಿರುವಾಗ, ನಾಯಿಯು ಕೂರುವುದನ್ನು ಕಲಿಯುವುದರ ಜೊತೆಗೆ ನಮ್ಮನ್ನೂ ಕಲಿಯುತ್ತಿರುತ್ತದೆ. ಈ ಧ್ವನಿಯ ಹಿಂದೆ ಏನು ಬರುತ್ತದೆ, ಈ ಕೈ ಮೇಲಕ್ಕೆದ್ದರೆ ಏನಾಗುತ್ತದೆ, ಈ ಮನುಷ್ಯನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಂತೋಷಪಡಬೇಕೋ ಅಡಗಬೇಕೋ ಎಂಬುದೆಲ್ಲವೂ ಅದರ ಪಾಠದಲ್ಲಿ ಸೇರಿದೆ. ಮೊದಲನೆಯ ಪಾಠವನ್ನು ನಾವು ಬೇಕೆಂದು ಕಲಿಸುತ್ತೇವೆ. ಎರಡನೆಯದನ್ನು ಬೇಡವೆಂದರೂ ಕಲಿಸುತ್ತೇವೆ. ಆದಕಾರಣ ಯಾವ ಕ್ರಮದಿಂದ ನಾಯಿಯು ಬೇಗ ಮಾತು ಕೇಳುತ್ತದೆ ಎಂದಷ್ಟೇ ಕೇಳಿದರೆ ಸಾಲದು. ಆ ಕ್ರಮದಿಂದ ನಮ್ಮ ವಿಷಯವಾಗಿ ಅದು ಏನನ್ನು ಕಲಿಯುತ್ತದೆ ಎಂದೂ ಕೇಳಬೇಕು.

ದಂಡನೆಯ ಕ್ರಮದ ವಿಷಯದಲ್ಲಿ ನ್ಯಾಯವಾಗಿಯೇ ಮಾತನಾಡೋಣ. ಜರ್ಮನಿಯ ಪೋಲೀಸ್ ನಾಯಿಗಳನ್ನು ತರಬೇತು ಮಾಡಿದ ಕೊನ್ರಾಡ್ ಮೋಸ್ಟ್ ಎಂಬಾತನು ೧೯೧೦ರಲ್ಲಿ ಬರೆದ ಕೈಪಿಡಿಯೂ, ಅಮೆರಿಕದ ಕೋಲರ್ ಎಂಬಾತನು ೧೯೬೨ರಲ್ಲಿ ಪ್ರಕಟಿಸಿದ ಪುಸ್ತಕವೂ ಬಹುಕಾಲ ಪ್ರಮಾಣಗ್ರಂಥಗಳಾಗಿದ್ದುವು. ಎಳೆದರೆ ಬಿಗಿಯುವ ಸರಪಳಿ, ಥಟ್ಟನೆ ಜಗ್ಗುವುದು, ಮಾತು ಕೇಳಿದ ಕೂಡಲೆ ಸಡಿಲಬಿಡುವುದು ಈ ಪದ್ಧತಿಯ ಸಾಧನಗಳು. ಇದರಿಂದ ನಾಯಿಯು ಕಲಿಯುವುದಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಕಲಿಯುತ್ತದೆ, ಎಷ್ಟೋ ಸಲ ಬೇಗನೆ ಕಲಿಯುತ್ತದೆ. ಈ ಕ್ರಮವು ಇಷ್ಟು ಕಾಲ ಬಾಳಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹೊಡೆದ ಕ್ಷಣದಲ್ಲಿ ನಾಯಿಯ ತುಂಟತನ ನಿಲ್ಲುತ್ತದೆ. ನಿಂತಿತೆಂಬ ಸಮಾಧಾನವು ಹೊಡೆದವನಿಗೆ ಬಹುಮಾನವಾಗುತ್ತದೆ. ಹೀಗೆ ನಾಯಿಯು ಕಲಿಯಲಿ ಬಿಡಲಿ, ಹೊಡೆಯುವುದನ್ನು ಯಜಮಾನನು ಮಾತ್ರ ಚೆನ್ನಾಗಿ ಕಲಿತುಬಿಡುತ್ತಾನೆ.

ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಹಿಂದೆ ಇದ್ದ ಮರಿಯು ಒಳಗೆ ಒದ್ದೆಮಾಡಿದಾಗಲೆಲ್ಲ ಅದರ ಮೂತಿಯನ್ನು ನೆಲಕ್ಕೆ ಒತ್ತಿ, ಸುತ್ತಿದ ವೃತ್ತಪತ್ರಿಕೆಯಿಂದ ಒಂದು ಪೆಟ್ಟು ಕೊಡುತ್ತಿದ್ದೆ. ಹಾಗೆ ಮಾಡಬೇಕೆಂದು ಬಲ್ಲವರು ಹೇಳಿದ್ದರು. ಎರಡು ವಾರಗಳಲ್ಲಿ ನಡುಮನೆ ಒಣಗಿತು. ನನಗೆ ಬಹಳ ಹೆಮ್ಮೆಯಾಯಿತು. ಮೂರನೆಯ ವಾರದಲ್ಲಿ ಬೀರುವಿನ ಹಿಂದಿನಿಂದ ನಾತ ಬರತೊಡಗಿತು. ಒಳಗೆ ಮಾಡಬಾರದೆಂಬುದನ್ನು ಮರಿಯು ಕಲಿತಿರಲಿಲ್ಲ. ನನ್ನೆದುರಿಗೆ ಮಾಡಬಾರದೆಂಬುದನ್ನು ಕಲಿತಿತ್ತು. ಅದಕ್ಕಿಂತಲೂ ಕಷ್ಟವಾದ ವಿಷಯವೆಂದರೆ, ಹೊರಗೆ ಕರೆದುಕೊಂಡು ಹೋದಾಗಲೂ ನಾನು ಪಕ್ಕದಲ್ಲಿರುವವರೆಗೆ ಅದು ಮೂತ್ರಮಾಡುತ್ತಿರಲಿಲ್ಲ. ನಾನು ಬೀರುವಿನ ಕಡೆಗೆ ನಡೆದರೆ ಕಿವಿಯನ್ನು ಹಿಂದಕ್ಕೆ ಮಡಿಚಿ ನೆಲಕ್ಕಂಟಿಕೊಳ್ಳುತ್ತಿತ್ತು. “ನೋಡಿದಿರಾ, ತಪ್ಪು ಮಾಡಿದ್ದೇನೆಂದು ಅದಕ್ಕೂ ಗೊತ್ತು” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ. ಇಂಥ ತಪ್ಪಿತಸ್ಥ ಮುಖವನ್ನು ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿಯು ಪರೀಕ್ಷೆಗೆ ಒಳಪಡಿಸಿ ೧೯೦೯ರ ನೂರು ವರ್ಷಗಳ ತರುವಾಯ, ಎಂದರೆ ೨೦೦೯ರಲ್ಲಿ, ಫಲಿತಾಂಶವನ್ನು ಪ್ರಕಟಿಸಿದಳು. ನಾಯಿಯು ತಪ್ಪು ಮಾಡಿದ್ದರೂ ಮಾಡದಿದ್ದರೂ, ಯಜಮಾನನು ಗದರಿದಾಗ ಆ ಮುಖವು ಕಾಣಿಸಿಕೊಳ್ಳುತ್ತಿತ್ತು. ನಾನು ಪಶ್ಚಾತ್ತಾಪವೆಂದು ಓದಿದ್ದು ಬರಿಯ ಭಯವಾಗಿತ್ತು.

ಈ ಭಯದ ಬೆಲೆಯನ್ನು ಅಳೆದು ನೋಡಿದವರುಂಟು. ಪೋರ್ಚುಗಲ್ ದೇಶದ ಸಂಶೋಧಕರು ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೯೨ ಸಾಕುನಾಯಿಗಳಿದ್ದುವು. ಅವುಗಳಲ್ಲಿ ಕೆಲವು ಬಹುಮಾನದಿಂದ ಕಲಿಸುವ ಶಾಲೆಗಳವು; ಉಳಿದವು ಜಗ್ಗುವುದು, ಗದರುವುದು ಮೊದಲಾದುವನ್ನು ಬಳಸುವ ಶಾಲೆಗಳವು. ಎರಡನೆಯ ವರ್ಗದ ನಾಯಿಗಳಲ್ಲಿ ತರಬೇತಿಯ ವೇಳೆಯಲ್ಲಿ ಕಳವಳದ ಚಿಹ್ನೆಗಳು ಹೆಚ್ಚಾಗಿ ಕಂಡುವು. ತರಬೇತಿಯಾದ ಮೇಲೆ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಉದ್ವೇಗದ ರಸವು ಏರಿತ್ತು. ಇನ್ನೊಂದು ಪರೀಕ್ಷೆ ಬಹಳ ಸರಳವಾದುದು. ಕೋಣೆಯ ಒಂದು ಕಡೆ ಇಟ್ಟ ಬಟ್ಟಲಿನಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಕಡೆಯದರಲ್ಲಿ ಯಾವಾಗಲೂ ಇಲ್ಲ ಎಂದು ನಾಯಿಗಳಿಗೆ ಅಭ್ಯಾಸ ಮಾಡಿಸಿ, ಬಳಿಕ ಬಟ್ಟಲನ್ನು ನಡುವೆ ಇಟ್ಟರು. ಇರಬಹುದೆಂದು ಆಶಿಸುವ ನಾಯಿಯು ಓಡುತ್ತದೆ. ಇರಲಾರದೆಂದುಕೊಳ್ಳುವುದು ನಿಧಾನವಾಗಿ ಹೋಗುತ್ತದೆ. ಹೆಚ್ಚು ದಂಡನೆಯನ್ನು ಕಂಡಿದ್ದ ನಾಯಿಗಳು ನಿಧಾನವಾಗಿ ಹೋದುವು. ದಂಡನೆಯು ಪಾಠದ ವೇಳೆಗೆ ಮುಗಿಯದೆ ಅದರ ಬಾಳಿನ ಆಸೆಯನ್ನೂ ಒಂದಿಷ್ಟು ಕುಗ್ಗಿಸುತ್ತದೆಂದು ತೋರುತ್ತದೆ.

ಇದಕ್ಕಿಂತ ಗಂಭೀರವಾದ ವಿಷಯವೊಂದಿದೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ಪೂರ್ತಿಯಾಗಿ ನಂಬಬೇಕಾದುದಿಲ್ಲ. ಆದರೆ ಅದರಲ್ಲಿ ಒಂದು ಸತ್ಯಾಂಶವಿದೆ. ಗುರುಗುಟ್ಟುವುದು ನಾಯಿಯ ಎಚ್ಚರಿಕೆಯ ಮಾತು. ತಟ್ಟೆಯ ಹತ್ತಿರ ಮಗು ಬಂದಿತು, ನಾಯಿ ಗುರುಗುಟ್ಟಿತು, ನಾವು ಓಡಿಬಂದು ನಾಯಿಗೆ ಹೊಡೆದೆವು. ಇಲ್ಲಿ ನಾಯಿಯು ಕಲಿಯುವುದೇನು? ಗುರುಗುಟ್ಟಿದರೆ ಪೆಟ್ಟು ಬೀಳುತ್ತದೆ. ಮಗು ಹತ್ತಿರಕ್ಕೆ ಬಂದರೂ ಪೆಟ್ಟು ಬೀಳುತ್ತದೆ. ಮೊದಲನೆಯ ಪಾಠದಿಂದ ಅದು ಮೌನವಾಗುತ್ತದೆ; ಎರಡನೆಯದರಿಂದ ಮಗುವನ್ನು ಇನ್ನಷ್ಟು ದ್ವೇಷಿಸುತ್ತದೆ. ಒಂದು ದಿನ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. “ಏನೂ ಮಾಡದ ನಾಯಿ, ಇದ್ದಕ್ಕಿದ್ದಂತೆ ಹೀಗಾಯಿತು” ಎಂದು ಎಲ್ಲರೂ ಹೇಳುತ್ತಾರೆ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನಾಯಿಯನ್ನು ಊರಾಚೆ ಬಿಟ್ಟುಬರುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯದ ಪಶುವೈದ್ಯರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ನಡತೆಯ ದೋಷಕ್ಕೆಂದು ಚಿಕಿತ್ಸಾಲಯಕ್ಕೆ ಕರೆತಂದಿದ್ದ ನಾಯಿಗಳ ಯಜಮಾನರನ್ನು ವಿಚಾರಿಸಿದರು. ಹೊಡೆದು ಅಥವಾ ಒದ್ದು ನೋಡಿದ್ದವರಲ್ಲಿ ನೂರಕ್ಕೆ ೪೩ ಮಂದಿ ತಮ್ಮ ನಾಯಿಯು ಅದಕ್ಕೆ ತಿರುಗಿಬಿದ್ದಿತೆಂದು ಹೇಳಿದರು. ಇವು ಮೊದಲೇ ತೊಂದರೆಯಿದ್ದ ನಾಯಿಗಳು, ನಿಜ. ಆದರೆ ಹೊಡೆಯಬೇಕೆಂಬ ಯೋಚನೆ ಬರುವುದು ತೊಂದರೆಯಿರುವ ನಾಯಿಯ ವಿಷಯದಲ್ಲಿಯೇ ಅಲ್ಲವೇ?

“ನಾಯಿಯು ತೋಳದ ವಂಶದ್ದು, ಹಿಂಡಿಗೆ ಒಬ್ಬ ಒಡೆಯನಿರಬೇಕು, ನಾವು ಒಡೆಯರಾಗದಿದ್ದರೆ ಅದು ಒಡೆಯನಾಗುತ್ತದೆ” ಎಂಬ ವಾದವನ್ನು ತಾವು ಕೇಳಿರಬಹುದು. ಇದರ ಮೂಲವು ಶೆಂಕೆಲ್ ಎಂಬ ವಿದ್ವಾಂಸನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮೃಗಾಲಯದ ತೋಳಗಳನ್ನು ನೋಡಿ ೧೯೪೭ರಲ್ಲಿ ಬರೆದ ಲೇಖನ. ಅವು ಕಟಕಟೆಯೊಳಗೆ ಕೂಡಿಹಾಕಿದ್ದ ತೋಳಗಳು. ಈ ಅಭಿಪ್ರಾಯವನ್ನು ೧೯೭೦ರ ತನ್ನ ಗ್ರಂಥದಿಂದ ಬಹಳ ಪ್ರಚಾರಕ್ಕೆ ತಂದ ಡೇವಿಡ್ ಮೆಕ್ ಎಂಬ ಅಮೆರಿಕದ ವಿಜ್ಞಾನಿಯು, ಕೆನಡದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಗೆಗಳನ್ನು ಕಾಡುತೋಳಗಳ ಸಮೀಪದಲ್ಲಿ ಕಳೆದು, ೧೯೯೯ರಲ್ಲಿ ತನ್ನ ಮಾತನ್ನು ತಾನೇ ತಿದ್ದಿಕೊಂಡನು. ಕಾಡಿನ ತೋಳದ ಹಿಂಡೆಂಬುದು ಸಾಮಾನ್ಯವಾಗಿ ತಂದೆತಾಯಿಗಳೂ ಅವರ ಮಕ್ಕಳೂ ಇರುವ ಒಂದು ಸಂಸಾರ; ಅಲ್ಲಿ ಹಿರಿತನವು ಕಾದಾಡಿ ಗೆದ್ದುಕೊಂಡದ್ದಲ್ಲ, ಹೆತ್ತು ಸಾಕಿದ್ದರಿಂದ ಬಂದದ್ದು. ತಾನು ಹೇಳಿದ್ದನ್ನು ತಾನೇ ತಿದ್ದುವ ಧೈರ್ಯ ಆ ವಿದ್ವಾಂಸನಿಗಿತ್ತು. ಅವನನ್ನು ಓದಿ ನಾಯಿಯನ್ನು ಅಂಗಾತ ಕೆಡವಿ ಅದುಮುವ ನಾವು ಅಷ್ಟು ಧೈರ್ಯವನ್ನು ತಂದುಕೊಳ್ಳಬಾರದೇ?

ಇನ್ನು ಬಹುಮಾನದ ಕ್ರಮ. ಸ್ಕಿನ್ನರನ ಶಿಷ್ಯರಾದ ಬ್ರೆಲೆಂಡ್ ದಂಪತಿಗಳು ೧೯೪೦ರ ದಶಕದಲ್ಲಿಯೇ ಇದನ್ನು ಪ್ರಯೋಗಶಾಲೆಯಿಂದ ಹೊರಕ್ಕೆ ತಂದರು. ಆದರೆ ಇದರ ಬಲವನ್ನು ಜನರಿಗೆ ಮನಗಾಣಿಸಿದುದು ಒಂದು ಜಲಚರ. ೧೯೬೦ರ ದಶಕದಲ್ಲಿ ಹವಾಯಿ ದ್ವೀಪದ ಜಲಮೃಗಾಲಯವೊಂದರಲ್ಲಿ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕರೆನ್ ಪ್ರಯರ್ ಎಂಬಾಕೆಯು ಆ ಅನುಭವವನ್ನು ೧೯೮೪ರಲ್ಲಿ ಒಂದು ಪುಸ್ತಕದ ಮೂಲಕ ನಾಯಿ ಸಾಕುವವರ ಮುಂದಿಟ್ಟಳು. ಡಾಲ್ಫಿನ್‌ಗೆ ಕೊರಳಪಟ್ಟಿ ಹಾಕುವಂತಿಲ್ಲ, ಹೊಡೆಯುವಂತಿಲ್ಲ. ಮನಸ್ಸಿಗೆ ಬಾರದಿದ್ದರೆ ಅದು ಈಜಿಕೊಂಡು ದೂರ ಹೋಗುತ್ತದೆ. ಒಂದು ಸೀಟಿ, ಒಂದು ಮೀನು, ಇಷ್ಟರಿಂದಲೇ ಅದಕ್ಕೆ ಕಲಿಸಬೇಕಾಗಿತ್ತು. ಕಲಿಸುವುದು ಸಾಧ್ಯವೂ ಆಯಿತು. ಸರಿಯಾದ ಕೆಲಸ ನಡೆದ ಕ್ಷಣದಲ್ಲಿ ಸೀಟಿ, ಅದರ ಹಿಂದೆಯೇ ಬಹುಮಾನ. ನಾಯಿಯ ವಿಷಯದಲ್ಲಿ ಆ ಸೀಟಿಯ ಸ್ಥಾನದಲ್ಲಿ ಕ್ಲಿಕ್ಕರ್ ಎಂಬ ಟಿಕ್ಕೆನ್ನುವ ಸಣ್ಣ ಡಬ್ಬಿಯನ್ನು ಬಳಸುತ್ತಾರೆ. “ಭೇಷ್” ಎಂಬ ಒಂದು ಮಾತಾದರೂ ಸಾಕು.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ಹೇಳುವುದುಂಟು. ಮೊದಲನೆಯದು, ಇದು ಲಂಚವಲ್ಲವೇ ಎಂದು. ಲಂಚವನ್ನು ಕೆಲಸಕ್ಕೆ ಮೊದಲು ತೋರಿಸುತ್ತಾರೆ. ಕೂಲಿಯನ್ನು ಕೆಲಸವಾದ ಮೇಲೆ ಕೊಡುತ್ತಾರೆ. ಬಿಸ್ಕತ್ತನ್ನು ಮೂಗಿನ ಮುಂದೆ ಆಡಿಸಿ ಬೇಡಿಕೊಂಡರೆ ಅದು ಲಂಚವೇ ಸರಿ. ಕೆಲಸ ಮುಗಿದ ಮೇಲೆ ಜೇಬಿನಿಂದ ತೆಗೆದುಕೊಟ್ಟರೆ ಅದು ಕೂಲಿ. ಪಾಠವು ಗಟ್ಟಿಯಾದ ಮೇಲೆ ಒಂದೊಂದು ಸಲಕ್ಕೆ ಕೊಟ್ಟು ಒಂದೊಂದು ಸಲಕ್ಕೆ ಬಿಟ್ಟರೂ ನಡೆಯುತ್ತದೆ. ಎರಡನೆಯ ಆಕ್ಷೇಪಣೆ, ಸಲುಗೆ ಕೊಟ್ಟರೆ ನಾಯಿಯು ಹೆಗಲೇರುತ್ತದೆ ಎಂದು. ಬಹುಮಾನವೆಂದರೆ ಸಲುಗೆಯಲ್ಲ. ಮೈಮೇಲೆ ಹಾರುವ ನಾಯಿಗೆ ನಾವು ಬೆನ್ನು ತಿರುಗಿಸಬಹುದು. ಹಗ್ಗ ಎಳೆಯುವ ನಾಯಿಯೊಡನೆ ಮುಂದಕ್ಕೆ ಹೆಜ್ಜೆಯಿಡದೆ ನಿಲ್ಲಬಹುದು. ಚಪ್ಪಲಿಯನ್ನು ಗೂಡಿನೊಳಗಿಟ್ಟು ಬಾಗಿಲು ಹಾಕಬಹುದು. ಬೇಡಿದ್ದನ್ನು ಕೊಡದಿರುವುದೂ ಶಿಸ್ತೇ. ನೋಯಿಸದೆಯೂ ಇಲ್ಲವೆನ್ನಬಹುದು.

“ಬಾ” ಎಂಬ ಒಂದು ಮಾತನ್ನು ಕಲಿಸುವುದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ; ಪಟ್ಟಣದ ಬೀದಿಯಲ್ಲಿ ನಾಯಿಯ ಪ್ರಾಣವನ್ನು ಉಳಿಸುವ ಮಾತು ಇದು. ಮೊದಲು ಮನೆಯವರೆಲ್ಲ ಸೇರಿ ಒಂದೇ ಮಾತನ್ನು ಗೊತ್ತುಮಾಡಬೇಕು. ತಂದೆ “ಕಮ್” ಎಂದು, ತಾಯಿ “ಬಾರೋ” ಎಂದು, ಅಜ್ಜಿ “ಇಲ್ಲಿ ಬಾ ಕಂದ” ಎಂದು ಕರೆಯುತ್ತಿದ್ದರೆ, ನಾಯಿಗೆ ಮೂರು ಪಾಠಗಳಾಗುತ್ತವೆ. ಕೋಣೆಯೊಳಗೆ ಎರಡು ಹೆಜ್ಜೆ ದೂರದಿಂದ ಕರೆಯಿರಿ; ಬಂದೊಡನೆಯೇ, ಒಂದೆರಡು ಕ್ಷಣಗಳೊಳಗಾಗಿ, “ಭೇಷ್” ಎಂದು ಒಂದು ಚೂರು ಕೊಡಿರಿ. ಚೂರು ಕಡಲೆಕಾಳಿನಷ್ಟಿದ್ದರೆ ಸಾಕು: ಬೇಯಿಸಿದ ಕೋಳಿಯದೋ ಮೊಟ್ಟೆಯದೋ, ಶಾಕಾಹಾರಿಗಳ ಮನೆಯಲ್ಲಿ ಪನ್ನೀರಿನದೋ ಇಡ್ಲಿಯದೋ ಆಗಬಹುದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟುಗಳನ್ನು ಮಾತ್ರ ಕೂಡದು. ಅವು ನಾಯಿಗೆ ವಿಷ. ಕೋಣೆಯಲ್ಲಿ ಕಲಿತ ಮೇಲೆ ಅಂಗಳ, ಅಂಗಳದ ಮೇಲೆ ಉದ್ದದ ಹಗ್ಗ ಕಟ್ಟಿ ಮೈದಾನ, ಹೀಗೆ ಕ್ರಮವಾಗಿ ಮುಂದುವರಿಯಬೇಕು. ಎಲ್ಲಕ್ಕಿಂತಲೂ ಮುಖ್ಯವಾದುದು, ಕರೆದು ಬಂದ ನಾಯಿಯನ್ನು ಎಂದಿಗೂ ಗದರಬಾರದು. ಅದು ಅರ್ಧ ಗಂಟೆ ಸತಾಯಿಸಿ ಬಂದಿದ್ದರೂ ಸರಿಯೆ. ಪೆಟ್ಟು ಬಿದ್ದರೆ, ಅದರ ಲೆಕ್ಕದಲ್ಲಿ ಅದು ಓಡಿಹೋದುದಕ್ಕೆ ಬಿದ್ದುದಲ್ಲ, ಬಂದುದಕ್ಕೆ ಬಿದ್ದುದು.

ಈ ಕ್ರಮಕ್ಕೂ ಮಿತಿಗಳುಂಟು. ಬ್ರೆಲೆಂಡ್ ದಂಪತಿಗಳೇ ೧೯೬೧ರಲ್ಲಿ ಒಪ್ಪಿಕೊಂಡಂತೆ, ಜನ್ಮಸಿದ್ಧವಾದ ಸ್ವಭಾವವು ಕಲಿತ ಪಾಠವನ್ನು ಮೀರಿ ತಲೆಯೆತ್ತುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನೇ ನೋಡಿರಿ: ಬಯಲಿನಲ್ಲಿ ಕಣ್ಣಿಗೆ ಬಿದ್ದ ಬೇಟೆಯನ್ನು ಬೆನ್ನಟ್ಟುವುದಕ್ಕಾಗಿ ತಲೆತಲಾಂತರದಿಂದ ಬೆಳೆಸಿದ ತಳಿ. ಓಡುವುದೇ ಅದಕ್ಕೆ ಬಹುಮಾನ; ಮೊಲದ ಮುಂದೆ ಇಡ್ಲಿಯ ಚೂರು ಯಾವ ಲೆಕ್ಕ? ಅಂಥ ನಾಯಿಯನ್ನು ರಸ್ತೆಯ ಪಕ್ಕದಲ್ಲಿ ಬಿಚ್ಚಿಬಿಟ್ಟು ಪಾಠವನ್ನು ನಂಬುವುದು ಅವಿವೇಕ. ಹಗ್ಗವನ್ನು ನಂಬಬೇಕು, ಸುತ್ತುಗೋಡೆಯಿರುವ ಜಾಗವನ್ನು ಹುಡುಕಬೇಕು. ಹೀಗೆ ಬೆನ್ನಟ್ಟುವ ಅಥವಾ ಕರೆದರೆ ಬಾರದ ನಾಯಿಗಳಿಗೆ ಕೊರಳಪಟ್ಟಿಯ ಮೂಲಕ ವಿದ್ಯುತ್ತಿನ ಆಘಾತ ಕೊಡುವುದೇ ಮದ್ದೆಂದು ಹೇಳುವವರಿದ್ದಾರೆ. ಇಂಗ್ಲೆಂಡಿನಲ್ಲಿ ಇಂಥ ೬೩ ನಾಯಿಗಳನ್ನು ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಘಾತದಿಂದ ಬಹುಮಾನಕ್ಕಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ವೇಲ್ಸ್ ಪ್ರಾಂತವು ೨೦೧೦ರಲ್ಲಿಯೇ ಅದನ್ನು ನಿಷೇಧಿಸಿತ್ತು.

ಭಯಪಟ್ಟ ನಾಯಿಗಾದರೋ ದಂಡನೆಯು ಯಾವ ಬಗೆಯಿಂದಲೂ ಸಲ್ಲದು. ದೀಪಾವಳಿಯ ಪಟಾಕಿಗೆ ಮಂಚದಡಿ ಸೇರಿ ನಡುಗುವ ನಾಯಿಯು ಹಟಮಾಡುತ್ತಿರುವುದಿಲ್ಲ. ಹಬ್ಬಕ್ಕೆ ಎರಡು ಮೂರು ತಿಂಗಳು ಮುಂಚಿನಿಂದಲೇ, ಮುದ್ರಿಸಿಟ್ಟ ಪಟಾಕಿಯ ಶಬ್ದವನ್ನು ನಾಯಿಯು ಲಕ್ಷ್ಯಮಾಡದಷ್ಟು ಮೆಲ್ಲಗೆ ಕೇಳಿಸಿ, ಅದರ ಹಿಂದೆಯೇ ಇಷ್ಟವಾದ ತಿಂಡಿಯನ್ನು ಕೊಡುತ್ತ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಶಬ್ದವನ್ನು ಏರಿಸಬೇಕು. ಇದು ಪಾವ್ಲೊವನ ಪಾಠದ ಸದುಪಯೋಗ. ಬಹಳ ಭಯಪಡುವ ನಾಯಿಗೆ, ಕಚ್ಚುವ ನಾಯಿಗೆ, ಒಮ್ಮೆಲೇ ಸ್ವಭಾವ ಬದಲಾದ ನಾಯಿಗೆ ಪಶುವೈದ್ಯರ ಪರೀಕ್ಷೆ ಮೊದಲು. ನೋವಿರುವ ನಾಯಿಯನ್ನು ಯಾವ ತರಬೇತಿಯೂ ಸರಿಮಾಡಲಾರದು.

ತರಬೇತುದಾರರನ್ನು ಗೊತ್ತುಮಾಡುವವರಿಗೆ ಒಂದೆರಡು ಮಾತು. ಮೊದಲ ದಿನ ನಾಯಿಯನ್ನು ಮನೆಯಲ್ಲಿಯೇ ಬಿಟ್ಟು ತಾವು ಮಾತ್ರ ಹೋಗಿ ಒಂದು ಪಾಠವನ್ನು ನೋಡಿರಿ. ನೋಡಗೊಡದಿದ್ದರೆ ಅಲ್ಲಿಂದಲೇ ಹಿಂದಿರುಗಿರಿ. ಕಲಿಸುವವನನ್ನು ನೋಡಬೇಡಿರಿ, ಕಲಿಯುವ ನಾಯಿಗಳನ್ನು ನೋಡಿರಿ: ಬಾಲವು ಸಡಿಲವಾಗಿ ಆಡುತ್ತಿದೆಯೋ ಕಾಲಸಂದಿಗೆ ಸೇರಿದೆಯೋ, ಕಲಿಸುವವನು ಬಂದಾಗ ಹತ್ತಿರಕ್ಕೆ ಹೋಗುತ್ತವೆಯೋ ಮುಖ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತವೆಯೋ. ಅಲುಗಾಡದೆ ಕುಳಿತ ನಾಯಿಯೆಲ್ಲ ಶಾಂತವಾದ ನಾಯಿಯಲ್ಲ; ಹೆದರಿದ ನಾಯಿಯೂ ಅಲುಗಾಡುವುದಿಲ್ಲ. ತಿಂಗಳುಗಟ್ಟಲೆ ನಾಯಿಯನ್ನು ಒಪ್ಪಿಸಿಬಿಡುವುದಕ್ಕಿಂತ, ಮನೆಯವರಿಗೆ ಕಲಿಸಿಕೊಡುವ ಗುರುವು ಮೇಲು. ಬೇರೊಬ್ಬರಲ್ಲಿ, ಬೇರೊಂದು ಜಾಗದಲ್ಲಿ ಕಲಿತ ಪಾಠವು ನಮ್ಮ ಮನೆಯ ಬಾಗಿಲಲ್ಲಿ ನಿಲ್ಲುತ್ತದೆಂಬ ಭರವಸೆಯಿಲ್ಲ. ಅಲ್ಲದೆ ಅಲ್ಲಿ ಏನು ನಡೆಯಿತೆಂಬುದನ್ನು ಹೇಳಲು ನಾಯಿಗೆ ಬಾಯಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ. ಶ. ೯೫೦ರ ಶಿಲಾಶಾಸನವೊಂದುಂಟು. ಮಣಲೇರನೆಂಬ ವೀರನ ಕಾಳಿ ಎಂಬ ನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಅಷ್ಟು ದೊಡ್ಡ ಗೌರವವನ್ನು ನಮ್ಮ ನಾಯಿಗಳು ಕೇಳುವುದಿಲ್ಲ. ನಮ್ಮ ಮನೆಯ ಆ ಮರಿಯು ಬೆಳೆದು, ಮುದಿಯಾಗಿ, ತೀರಿಕೊಂಡಿತು. ಪೆಟ್ಟು ಕೊಡುವುದನ್ನು ನಿಲ್ಲಿಸಿ, ಎದ್ದೊಡನೆ, ಉಂಡೊಡನೆ, ಆಡಿದೊಡನೆ ಹೊರಗೆ ಕರೆದೊಯ್ದು, ಅಲ್ಲಿ ಕೆಲಸ ಮುಗಿಸಿದ ಕೂಡಲೆ ತಿಂಡಿ ಕೊಡುವುದನ್ನು ಪ್ರಾರಂಭಿಸಿದ ಮೇಲೆ, ಒಂದು ತಿಂಗಳೊಳಗೆ ಒಳಗೆ ಒದ್ದೆಮಾಡುವುದನ್ನು ಬಿಟ್ಟಿತ್ತು. ಆದರೆ ನಾನು ವೃತ್ತಪತ್ರಿಕೆಯನ್ನು ಮಡಿಸುವ ಸದ್ದಾದರೆ ಕಡೆಯ ವರ್ಷದವರೆಗೂ ಎದ್ದು ಬೇರೆ ಕೋಣೆಗೆ ಹೋಗುತ್ತಿತ್ತು. ಎರಡು ವಾರ ಕಲಿಸಿದ ಪಾಠವನ್ನು ಮರೆಸಲು ಹದಿಮೂರು ವರ್ಷ ಸಾಲಲಿಲ್ಲ. ತಮ್ಮ ಮನೆಗೆ ಮರಿ ಬರುವುದಾದರೆ, ಮೊದಲನೆಯ ಪಾಠವನ್ನು ಆರಿಸುವಾಗ ಇದನ್ನು ಒಮ್ಮೆ ನೆನೆಸಿಕೊಳ್ಳಿರಿ ಎಂದು ಕೇಳಿಕೊಂಡು, ಈ ಭಾಷಣವನ್ನು ಮುಗಿಸುತ್ತೇನೆ.